ಎಡ ಹಿಮ್ಮಡಿ

ಬೆಳಗಿನ ನಾಲ್ಕೂ ಐವತ್ತಕ್ಕೆ
ಫಾರೆಸ್ಟಿನವರ ಮೆಸೇಜು:
ತಿತಿಮತಿ ರಸ್ತೆಯಲ್ಲಿ ಮೂರು ಆನೆ, ಒಂದು ಮರಿ.
ಸರಿ, ಇವತ್ತು ಪೊನ್ನಂಪೇಟೆ ಕಡೆ, ಅಂದಳು ಹಫ್ಸಾ.
ನಿಮ್ಮ ಕೋಚ್ ಯಾರು ಎಂದವರಿಗೆಲ್ಲ
ನಾವು ಆನೆಯ ಹೆಸರನ್ನೇ ಹೇಳುವುದು.

ಗೋಣಿಕೊಪ್ಪದಲ್ಲಿ, ಮುಚ್ಚಿದ ಬೇಕರಿಯೆದುರು
ನಾಲ್ಕು ಜನ ಬಗ್ಗಿ ಕಾಲು ಹಿಡಿದುಕೊಂಡಿರುತ್ತೇವೆ,
ಚಿಲ್ಲರೆ ಬೀಳಿಸಿಕೊಂಡು ಹುಡುಕುವವರ ಹಾಗೆ.
ಇಪ್ಪತ್ತೆರಡು ವರ್ಷ ನಿಂತೇ ಟಿಕೆಟ್ ಹರಿದ ಕುಶಾಲಪ್ಪ:
ಅವನ ಮಂಡಿಯಲ್ಲಿ ಬೆಳ್ಳುಳ್ಳಿ ಜಜ್ಜುವ ಸದ್ದು.
ಬಿದ್ದಪ್ಪಣ್ಣನ ಕಣಕಾಲು ಯಾವುದೋ ಹಾಕಿ ಸೆಮಿಫೈನಲ್ಲಿನಲ್ಲಿ ಉಳುಕಿದ್ದು,
ಮಂಜು ಸುರಿದ ದಿನ ಇನ್ನೂ ಅಂಪೈರನ್ನು ಬೈಯುತ್ತದೆ.
ನೈಟ್ ಡ್ಯೂಟಿ ಮುಗಿಸಿ ಬರುವ ಹಫ್ಸಾಗೆ ಮೀನಖಂಡ.
ಮತ್ತೆ ನಾನು, ಟೈಲರ್ ಚೋಂದಮ್ಮ, ನಲವತ್ತೊಂಬತ್ತು.
ಹಾಸಿಗೆಯಿಂದಿಳಿದ ಮೊದಲ ಹೆಜ್ಜೆ
ನನ್ನದೇ ಸೂಜಿಯ ಮೇಲೆ.

ನಲವತ್ತೆರಡು ಕಿಲೋಮೀಟರು.
ಸಾಲದ್ದಕ್ಕೆ ಮೇಲೆ ನೂರ ತೊಂಬತ್ತೈದು ಮೀಟರು.
ಬಟ್ಟೆಯಾಗಿದ್ದರೆ
ಅಷ್ಟರಲ್ಲೇ ಇನ್ನೂರು ರವಿಕೆ ಏಳುತ್ತಿತ್ತು.

ಕಾಫಿ ಕೊಯ್ಲಿಗೆ ಹೊರಟ ಜೀಪು ಪಕ್ಕದಲ್ಲಿ ನಿಧಾನಿಸುತ್ತದೆ.
ಅಕ್ಕ, ಹಿಂದೆ ಆನೆ ಉಂಟಾ?
ಇಲ್ಲ.
ಮತ್ತೆ ಯಾಕೆ ಓಡುವುದು?
ಕುಶಾಲಪ್ಪ ಬಾಯಿ ತೆರೆಯುವುದರೊಳಗೆ ಜೀಪು ತಿರುವು ದಾಟಿತ್ತು.
ಒಬ್ಬಳು ಎರಡೂ ಕೈಯಲ್ಲಿ ಸೊಂಟ ಒತ್ತಿಕೊಂಡು ಕೂತಿದ್ದಳು,
ಅವಳ ನೋವಿಗೆ ಶೂ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ.

ಮನೆಗೆ ಬಂದರೆ ಐಸು.
ಫ್ರೀಜರಿನ ಪಂದಿ ಮಾಂಸದ ಪೊಟ್ಟಣ ನನ್ನ ಹಿಮ್ಮಡಿಗೆ,
ಭಾನುವಾರ ಅದೇ ಪೊಟ್ಟಣ ಕಾಚಂಪುಳಿಯ ಜೊತೆ ಒಲೆಗೆ.
ಹಫ್ಸಾ ಮೀನಂಗಡಿಯಿಂದ ಐಸು ತರುತ್ತಾಳೆ.
ಮೀನಖಂಡಕ್ಕೆ ಮೀನಿನದೇ, ಎಂದು ನಗುತ್ತಾಳೆ.
ರಾತ್ರಿಯಿಡೀ ವಾರ್ಡಿನಲ್ಲಿ ಬಂಗುಡೆ ವಾಸನೆ.

ಫೆಬ್ರವರಿಯಲ್ಲಿ ಕುಶಾಲಪ್ಪ ಪ್ಯಾಂಟು ಹೊಲಿಸಲು ಬಂದ.
ಟೇಪು ಇಳಿಬಿಟ್ಟೆ. ಬಲ ಮೂವತ್ತೊಂಬತ್ತು.
ಎಡ ಮೂವತ್ತೆಂಟೂವರೆ.
ನೆಟ್ಟಗೆ ನಿಲ್ಲು ಮಾರಾಯ, ಅಂದೆ.
ಹುಟ್ಟಿದಾಗಿನಿಂದ ಹೀಗೇ ನೆಟ್ಟಗೆ, ಅಂದ.
ಮೈಸೂರಿನ ಡಾಕ್ಟರಿಗೆ, ಎರಡು ಎಕ್ಸ್‌ರೇಗೆ,
ಮೂರು ಬಾಟಲಿ ಎಣ್ಣೆಗೆ ಕಾಣದ ಅರ್ಧ ಇಂಚು
ನನ್ನ ಕೊರಳಲ್ಲಿ ನೇತಾಡುತ್ತಿತ್ತು.
ಕೋಟಿನ ಭುಜಕ್ಕಿಡುವ ಕ್ಯಾನ್ವಾಸನ್ನು ಪದರ ಪದರ ಕತ್ತರಿಸಿ
ಅವನ ಎಡ ಶೂ ಒಳಗೆ ಹೊಂದಿಸಿದೆ.
ನಾಲ್ಕು ದಿನ ಬೆನ್ನುನೋವೆಂದು ಬೈದ.
ಆಮೇಲೆ ಬೈಯಲಿಲ್ಲ. ಬೆಳ್ಳುಳ್ಳಿ ಪೂರ್ತಿ ಮುಗಿದಿಲ್ಲ,
ಎಸಳು ಕಡಿಮೆಯಾಗಿದೆ ಅಷ್ಟೆ.

ನನಗೆ ಮಾತ್ರ ಫಿಸಿಯೋ ಹುಡುಗ ಹೇಳಿದ:
ಆರು ವಾರ ಓಡಬೇಡಿ.
ಓಟಕ್ಕೆ ಉಳಿದಿದ್ದೇ ಏಳು ವಾರ.
ಮೆಷಿನಿಗೊಂದು ಮೋಟಾರು ಹಾಕಿಸಿ, ಅಂದ.
ಹೂಂ ಅಂದೆ.
ತುಳಿಯುತ್ತಲೇ ಇದ್ದೇನೆ, ಬಲಗಾಲೊಂದರಲ್ಲೇ.
ಗಿರಾಕಿಗಳ ತೋಳು ಈಚೆಗೆ ಒಂಚೂರು ಸೊಟ್ಟ.

ಈಗ ಸ್ಕೂಟರಿನಲ್ಲಿ ಅವರ ಹಿಂದೆ ಹೋಗುತ್ತೇನೆ,
ನೀರು, ಬೆಲ್ಲ, ಉಪ್ಪು ಸವರಿದ ಕಿತ್ತಳೆ.
ಹೆಡ್‌ಲೈಟಿನಲ್ಲಿ ಮೂರು ಜೊತೆ ಹಿಮ್ಮಡಿ
ಏಳುತ್ತವೆ, ಬೀಳುತ್ತವೆ.
ಬೆಳಕು ಆರಿಸಿದರೂ ಹೇಳಬಲ್ಲೆ, ಯಾರಿಗೆ ಇವತ್ತು ಎಲ್ಲಿ ನೋವು.
ಹತ್ತಿರವಿದ್ದಾಗ ಕೇಳಿಸಿರಲಿಲ್ಲ ಇದು,
ನನ್ನದೇ ಕಾಲು ಅಷ್ಟು ಜೋರಾಗಿ ಮಾತಾಡುತ್ತಿತ್ತು.

ಹೂಮಳೆ ಬಿದ್ದು ಒಂಬತ್ತು ದಿನ.
ರಸ್ತೆಯ ಎರಡೂ ಬದಿ ಕತ್ತಲಲ್ಲೇ ಬೆಳ್ಳಗೆ.
ಹಫ್ಸಾ ತಟ್ಟನೆ ನಿಂತಳು.
ಏನೇ, ಮೀನಖಂಡವಾ?
ಅಲ್ಲ ಚೋಂದಕ್ಕ. ಗಾಡಿ ಆಫ್ ಮಾಡು,
ಪೆಟ್ರೋಲು ಬಿಟ್ಟು ಬೇರೇನೂ ಮೂಗಿಗೆ ಬರುತ್ತಿಲ್ಲ.

ಆಫ್ ಮಾಡಿದೆ.
ಇಳಿದು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು
ಆ ಕಾಫಿಹೂವಿನ ನಡುವೆ ಅವರ ಹಿಂದೆಯೇ ಹೊರಟೆ.
ಎಡ ಹಿಮ್ಮಡಿ ನೂರು ಹೆಜ್ಜೆ ಸುಮ್ಮನಿತ್ತು.
ನೂರ ಒಂದನೆಯದನ್ನು
ನಾನು ಎಣಿಸಲಿಲ್ಲ.