ಮರಳಿನ ರುಚಿ

ಬೆಂಗ್ರೆಗೆ ದಾಟುವ ಮೊದಲ ದೋಣಿ.
ಖಾಲಿ ಮೀನುಬುಟ್ಟಿಗಳ ನಡುವೆ ನಾನು,
ತೊಡೆಯ ಮೇಲೆ ಕ್ಯೂಬ್ ಟೆಸ್ಟಿನ ಪುಸ್ತಕ.
ರಾತ್ರಿಯೇ ಬಂದು ಬಿದ್ದಿದೆಯಂತೆ ಮರಳು;
ಯಾವ ಅಳಿವೆಯದೆಂದು ಕೇಳಿದರೆ ಎಲ್ಲರಿಗೂ ಕೆಮ್ಮು.

ಚಿಟಿಕೆ ತೆಗೆದು ನಾಲಿಗೆಗಿಟ್ಟೆ.
ಐತಪ್ಪ ಮೇಸ್ತ್ರಿ ನಕ್ಕರು:
"ಎಂತ ಮೇಡಂ, ಉಪ್ಪು ಸರಿಯುಂಟಾ?"
"ಸಾರಿಗಾದರೆ ಸರಿಯುಂಟು."
ಅವರ ನಗು ಅರ್ಧಕ್ಕೇ ನಿಂತಿತು.

ಅಂಗನವಾಡಿಯ ತಾರಸಿಗೆಂದು ಬಂದದ್ದು ಇದು.
ನಾಳೆ ಏನೂ ಆಗುವುದಿಲ್ಲ, ಗೊತ್ತು.
ಇಪ್ಪತ್ತೆಂಟನೆಯ ದಿನ ಕ್ಯೂಬೂ ಪಾಸಾಗುತ್ತದೆ.
ಉಪ್ಪಿಗೆ ಅವಸರವಿಲ್ಲ;
ಬೊಚ್ಚುಬಾಯಲ್ಲಿ ಕಬ್ಬಿಣ ಚೀಪುತ್ತ ಕೂತಿರುತ್ತದೆ
ಹತ್ತು ವರ್ಷ, ಹದಿನೈದು ವರ್ಷ,
ನಾನು ಪಿಂಚಣಿ ಎಣಿಸುವವರೆಗೆ.

ಫೋನಿನಲ್ಲಿ ಸಾಹೇಬರು: ಮಾರ್ಚ್ ಬಂತು,
ಒಂದು ಸಹಿ ತಾನೇ?

ಸಹಿ.
ಸಕಾರಕ್ಕೊಂದು ಗುಡಿಸು ಕೊಟ್ಟರೆ ಸಿಹಿ.
ಹಾಕಿದ್ದೇನೆ ಹಿಂದೊಮ್ಮೆ, ಕಣ್ಣು ಮುಚ್ಚಿ, ಉಳ್ಳಾಲದಲ್ಲಿ.
ಆ ಗೋಡೆಯ ಮೇಲೆ ಈಗ ಕಂದು ಗೆರೆಗಳು
ಇಳಿಯುತ್ತಿವೆ, ನನ್ನದೇ ಕೈಬರಹದಲ್ಲಿ.

"ತೊಳೆದರಾಯಿತಲ್ಲ," ಅಂದರು ಐತಪ್ಪ.
ಯಾವ ನೀರಲ್ಲಿ?
ನಳ್ಳಿಯೆದುರು ಝೊಹರಾಳ ಕೊಡ ಹನ್ನೊಂದನೆಯದು;
ಅವಳು ನಮ್ಮನ್ನೇ ನೋಡುತ್ತಿದ್ದಳು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಇಲ್ಲಿ ತಿಂದವರು ಯಾರೋ,
ನೀರಿಗೆ ಸಾಲು ನಿಂತವರು ಇವರು.

"ಸಲ್ಲದು" ಎಂದು ಬರೆದೆ, ತಾರೀಖು ಹಾಕಿದೆ.
ಒಂಬತ್ತು ಜನ ಬುತ್ತಿ ಬಿಚ್ಚದೆ ಎದ್ದರು.
ಅವರ ಇವತ್ತಿನ ಕೂಲಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ,
ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಹಿಂದಿರುಗುವ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.
ಹಲ್ಲಿನ ಸಂದಿಯಲ್ಲಿ ಒಂದು ಕಣ
ಇನ್ನೂ ಕರಕರ ಅನ್ನುತ್ತಿತ್ತು.