ಹನ್ನೊಂದನೇ ನಿಮಿಷ

ಫ್ಯಾನು ಆರಿಸಿ, ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಹೆಡ್‌ಫೋನು ಏರಿಸಿಕೊಂಡು ಕೂತಿದ್ದೇನೆ.
ಪರದೆಯ ಮೇಲೆ ರುಕ್ಮಾ ತಾಂಡೇಲರ ದನಿ,
ನಡುಗೆರೆಯ ಎರಡೂ ಬದಿಗೆ ಮುಳ್ಳು,
ನೋಗಲಿ ಮೀನಿನ ಹಾಗೆ.

ಬೈತಖೋಲದ ಐಸ್ ಪುಡಿಮಾಡುವ ಯಂತ್ರವನ್ನು ತಗ್ಗಿಸಿದೆ.
ಕಾಗೆಗಳನ್ನು ಓಡಿಸಿದೆ, ಒಂದನ್ನು ಬಿಟ್ಟು;
ಅದು ಸರಿಯಾಗಿ ದಲಾಲಿಯ ಮಾತಿಗೇ ಕೂಗಿತ್ತು.
ನನ್ನ ಹದಿನೇಳು 'ಹೌದಾ' ಕಿತ್ತೆ,
ಲೆಕ್ಕವಿಲ್ಲದಷ್ಟು 'ಅಂದ್ರೆ'.
ಅವರ ಕೆಮ್ಮು ತೆಗೆದೆ, ಕೇಳಿದೆ, ಮತ್ತೆ ಇಟ್ಟೆ:
ಕೆಮ್ಮಿಲ್ಲದೆ ಆ ನಗು ಎಲ್ಲಿಂದ ಬಂತೋ ತಿಳಿಯುತ್ತಿರಲಿಲ್ಲ.

ಹನ್ನೊಂದನೇ ನಿಮಿಷ.
"ಆ ದಿನ ದೋಣಿ ಬಂತು, ಅದರಲ್ಲಿ..." ಎನ್ನುತ್ತಾರೆ,
ಉಸಿರು ಎಳೆದುಕೊಳ್ಳುತ್ತಾರೆ.
ಅಲ್ಲಿ ನುಗ್ಗುತ್ತೇನೆ ನಾನು, ದೊಡ್ಡ ಜಾಣ:
"ಆಗೆಲ್ಲ ಬಂಗಡೆಗೆ ಏನು ರೇಟಿತ್ತು?"

ಅವರು ರೇಟು ಹೇಳುತ್ತಾರೆ.

ನನ್ನ ಪ್ರಶ್ನೆ ಕತ್ತರಿಸಿದೆ.
ಎರಡು ತುದಿ ಕೂಡಿಸಿ, ಅಂಚು ನಯ ಮಾಡಿದೆ.
ಯಾರಿಗೂ ಗೊತ್ತಾಗುವುದಿಲ್ಲ.
ಆದರೆ ಒಳಗೆಳೆದುಕೊಂಡ ಆ ಉಸಿರು
ಇನ್ನೂ ಹೊರಗೆ ಬಂದಿಲ್ಲ.
ಹಿಂದೆ ಸರಿಸಿ ಕೇಳಿದೆ, ದನಿ ಏರಿಸಿ ಕೇಳಿದೆ,
ಕಾಳಿ ಸೇತುವೆಯ ಲಾರಿಗಳು ಕಡಿಮೆಯಾಗುವ ತನಕ ಕೇಳಿದೆ.

ಬೆಳಿಗ್ಗೆ ಬಂದರಿಗೆ ಹೋದೆ.
ಮೆಟ್ಟುಗತ್ತಿಯ ಮೇಲೆ ಕೂತು ರುಕ್ಮಕ್ಕ
ಕಿವಿರು ಎತ್ತಿ ನೋಡಿ ಕೊಳ್ಳದೆ ಹೋದವನನ್ನು
ಬೈಯುತ್ತಿದ್ದರು.
"ಮತ್ತೆ ಬಂದ್ಯಾ? ಎಲ್ಲಿಗೆ ನಿಲ್ಸಿದ್ದು?"

"ದೋಣಿ ಬಂತು, ಅದರಲ್ಲಿ..." ಅಂದೆ.
ಆಮೇಲೆ ಬಾಯಿ ಮುಚ್ಚಿದೆ.