ಗಂಟೆ ಕಟ್ಟಿದವಳು

ಹೂಸಾವಿಕ್‌ನಲ್ಲಿ ಜೂನ್ ಪೂರ್ತಿ ಕತ್ತಲೆಂಬುದಿಲ್ಲ.
ಹೋದ ವರ್ಷ ಇಂಥದೇ ಬೆಳ್ಳನೆ ರಾತ್ರಿ
ಸೋಲ್ವೇಗಳ ದಿಂಬಿನ ಮೇಲೆ ಬ್ರಾಂದುರ್ ತಂದಿಟ್ಟದ್ದು
ಇನ್ನೂ ಬಿಸಿಯಿದ್ದ ಸಿಳ್ಳಾರ ಹಕ್ಕಿ.
ಕಂಕುಳ ಕೆಂಪು ರಕ್ತವಲ್ಲ, ಹುಟ್ಟುಬಣ್ಣ
ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಿತು.

ಅಂದೇ ಕಿಟಕಿಗೆ ಚಿಲಕ, ಕೊರಳಿಗೆ ಗಂಟೆ.

ಪಕ್ಕದ ಮನೆಯ ಥೋರ್ಲಾಕುರ್ ಕಾಡ್ ಮೀನಿನ ತಲೆ ಹಿಡಿದು ನಿಂತು
'ಕೂಡಿಹಾಕಿದ್ದನ್ನು ಸಾಕಿದ್ದು ಅಂತೀಯಾ?' ಅನ್ನುತ್ತಾನೆ.
ಅವಳು ಬೇಲಿಯ ಮೇಲಿನ ಮರಿಗಳನ್ನೆಣಿಸಿ
'ನಾಲ್ಕು' ಅನ್ನುತ್ತಾಳೆ.

ಈಗ ನಡುರಾತ್ರಿ, ಬಿಸಿಲು.
ಸೋಫಾದಿಂದ ಒಲೆಗೆ, ಒಲೆಯಿಂದ ಕಿಟಕಿಗೆ
ಗಂಟೆಯೊಂದೇ ನಡೆದಾಡುತ್ತಿದೆ.
ಈ ಮನೆಯಲ್ಲಿ ಯಾರಿಗೆ ಎಚ್ಚರಿಕೆ?

ಎದ್ದಳು. ಗಂಟೆ ಬಿಚ್ಚಿದಳು.
ಚಿಲಕ ಮುಟ್ಟಲಿಲ್ಲ.

ಮತ್ತೆ ಮಲಗಿ ಕಿವಿಗೊಟ್ಟರೆ
ಬೆಕ್ಕು ಎಲ್ಲಿದೆಯೋ,
ಸದ್ದೇ ಇಲ್ಲ.